ವಿಷದ ಹಾದಿ, ಹೆಂಗಸಿನ ದುಡಿಮೆ

(‘ಸೈಲೆಂಟ್ ಸ್ಪ್ರಿಂಗ್’ ಗ್ರಂಥವನ್ನು ಕಾಯಿಪಲ್ಲೆಯ ತೋಟದಲ್ಲಿ ನಿಂತು ಓದಿದಾಗ)

ಕೀರ್ತಿ ಬಂದ ಗ್ರಂಥಗಳಿಗೆ ಒಂದು ಅಪಾಯ ಉಂಟು. ಅವುಗಳ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಪುಟ ತಿರುವಿ ಓದುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತ ಹೋಗುತ್ತಾರೆ. ಅಮೆರಿಕದ ಲೇಖಕಿ ರೇಚಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ ಅಂಥ ಒಂದು ಗ್ರಂಥ. ಕನ್ನಡದಲ್ಲಿ ಅದನ್ನು ‘ಮೌನ ವಸಂತ’ ಎನ್ನೋಣ. ೧೯೬೨ರ ಜೂನ್ ತಿಂಗಳಲ್ಲಿ ‘ನ್ಯೂಯಾರ್ಕರ್’ ವಾರಪತ್ರಿಕೆಯಲ್ಲಿ ಭಾಗಭಾಗವಾಗಿ ಬಂದು, ಅದೇ ವರ್ಷ ಸೆಪ್ಟೆಂಬರ್ ೨೭ರಂದು ಅದು ಪುಸ್ತಕವಾಗಿ ಹೊರಬಿತ್ತು. ಡಿ.ಡಿ.ಟಿ. ಮೊದಲಾದ ಕೀಟನಾಶಕಗಳನ್ನು ಹಿಂದುಮುಂದು ನೋಡದೆ ಚೆಲ್ಲಿದರೆ ಹಕ್ಕಿ, ಮೀನು, ಮಣ್ಣು, ಕೊನೆಗೆ ಮನುಷ್ಯ—ಎಲ್ಲರಿಗೂ ಕೇಡು ಎಂದು ಸಾರಿತು. ಹತ್ತು ವರ್ಷಗಳ ಮೇಲೆ, ೧೯೭೨ರಲ್ಲಿ, ಅಮೆರಿಕದಲ್ಲಿ ಬೆಳೆಗಳಿಗೆ ಡಿ.ಡಿ.ಟಿ. ಹಾಕುವುದು ನಿಷಿದ್ಧವಾಯಿತು. ಇಷ್ಟು ಸಂಗತಿಯನ್ನು ಗ್ರಂಥ ಓದದವರೂ ಬಲ್ಲರು.

ಈ ಲೇಖನದ ಉದ್ದೇಶ ಆ ಕೀರ್ತಿಗೆ ಇನ್ನೊಂದು ಹಾರ ಹಾಕುವುದಲ್ಲ. ಗ್ರಂಥದ ಮುಂದೆ ಒಂದು ಸರಳವಾದ ಪ್ರಶ್ನೆಯನ್ನಿಟ್ಟು, ಅದು ಏನು ಉತ್ತರ ಕೊಡುತ್ತದೆಂದು ನೋಡುವುದಷ್ಟೆ. ಪ್ರಶ್ನೆ ಇದು: ವಿಷವನ್ನು ಬಳಸುವವರು ಯಾರು? ಬದನೆ, ಟೊಮೇಟೊ, ಕೋಸು, ಹುರುಳಿಕಾಯಿ ಬೆಳೆಯುವ ಒಂದು ಸಂಸಾರದಲ್ಲಿ ಗಂಡನೂ ಹೆಂಡತಿಯೂ ದುಡಿಯುತ್ತಾರೆ. ಅವರಲ್ಲಿ ವಿಷ ಯಾರ ಕೈಯಲ್ಲಿದೆ, ಯಾರ ಮೈಮೇಲೆ ಬೀಳುತ್ತದೆ, ಯಾರ ತಿಳಿವಳಿಕೆಗೆ ಬಂದಿದೆ? ಕೀಟನಾಶಕಗಳ ಬಗ್ಗೆ ಬಂದ ಗ್ರಂಥಗಳಲ್ಲೆಲ್ಲ ಹೆಸರಾದದ್ದು ಇದನ್ನು ಎಷ್ಟರಮಟ್ಟಿಗೆ ಕಂಡಿದೆ?

ಪ್ರಶ್ನೆ ಸರಳವಾಗಿ ತೋರಿದರೂ ನಮ್ಮ ಮಾತೇ ಅದಕ್ಕೆ ಅಡ್ಡ ಬರುತ್ತದೆ. ಹಳ್ಳಿಗಳಲ್ಲಿ ಕೀಟನಾಶಕವನ್ನು ಆ ಹೆಸರಿನಿಂದ ಕರೆಯುವವರು ಕಡಮೆ. ಹಳೆಯ ಮೈಸೂರಿನ ಕಡೆ ಅದು ‘ಔಷಧಿ’. ಉತ್ತರದ ಜಿಲ್ಲೆಗಳ ಎಷ್ಟೋ ಕಡೆ ‘ಎಣ್ಣೆ’. ಔಷಧಿ ಹೊಡೆಯುತ್ತಾರೆ, ಎಣ್ಣೆ ಹೊಡೆಯುತ್ತಾರೆ. ‘ಔಷಧಿ’ ಎಂಬ ಮಾತು ಅದರೊಳಗಿನ ವಿಷವನ್ನು ಮರೆಸುತ್ತದೆ ಎಂದು ಹಲವರು ಹೇಳಿದ್ದಾರೆ, ಅದು ನಿಜ. ಆದರೆ ‘ಹೊಡೆಯುವುದು’ ಎಂಬ ಕ್ರಿಯಾಪದ ಮರೆಸುವುದನ್ನು ಗಮನಿಸಿದವರು ಕಡಮೆ. ಹೊಡೆಯುವವನು ಬೆನ್ನಿಗೆ ಪಂಪು ಏರಿಸಿದ ಗಂಡಸು. ಮಾತು ಅವನಲ್ಲಿಗೆ ನಿಂತುಬಿಡುತ್ತದೆ.

ಕೆಲಸ ಮಾತ್ರ ಅವನಲ್ಲಿಗೆ ನಿಲ್ಲುವುದಿಲ್ಲ. ಬೆನ್ನಿನ ಪಂಪಿಗೆ ೧೫–೧೬ ಲೀಟರು ನೀರು ಹಿಡಿಯುತ್ತದೆ. ಒಂದು ಎಕರೆ ಮುಗಿಯಬೇಕಾದರೆ ಹತ್ತಾರು ಸಲ ತುಂಬಬೇಕು. ಆ ನೀರನ್ನು ತೊಟ್ಟಿಯಿಂದ ಹೊತ್ತು ತರಬೇಕು. ಡಬ್ಬಿಯ ಗಟ್ಟಿ ಔಷಧಿಯನ್ನು ಬಕೆಟ್ಟಿಗೆ ಸುರಿದು ಕಲಕಬೇಕು. ಪಂಪು ಬರಿದಾದಂತೆಲ್ಲ ತುಂಬಿಕೊಡಬೇಕು. ಸಿಂಪಡಿಸಿದ ಮೇಲೆ ಅದೇ ಸಾಲುಗಳಲ್ಲಿ ಕುಳಿತು ಕಳೆ ಕೀಳಬೇಕು, ಕಾಯಿ ಬಿಡಿಸಬೇಕು, ಆರಿಸಿ ಕ್ರೇಟಿಗೆ ತುಂಬಬೇಕು. ಸಂಜೆ ಗಂಡನ ಒದ್ದೆ ಅಂಗಿಯನ್ನು ಮನೆಮಂದಿಯ ಬಟ್ಟೆಯ ಜೊತೆ ಒಗೆಯಬೇಕು. ಎಲ್ಲ ಊರಿನಲ್ಲೂ ಕೆಲಸದ ಹಂಚಿಕೆ ಒಂದೇ ತೆರನಲ್ಲ. ಹೆಂಗಸರೇ ಪಂಪು ಹಿಡಿಯುವ ಕಡೆಗಳೂ ಉಂಟು. ಆದರೂ ಸಾಮಾನ್ಯವಾಗಿ ನೀರು, ಕಳೆ, ಕೊಯ್ಲು, ಒಗೆತ—ಈ ನಾಲ್ಕೂ ಹೆಣ್ಣುಕೆಲಸ. ‘ಹೊಡೆಯುವುದು’ ಒಂದು ಗಳಿಗೆಯ ಮಾತು. ಉಳಿದದ್ದು ವಾರವಿಡೀ ಸಾಗುವ ಕೆಲಸ.

ಇದರಲ್ಲಿ ಕಾಯಿಪಲ್ಲೆಯ ಬೆಳೆಗೆ ಒಂದು ವಿಶೇಷವಿದೆ. ರಾಗಿಯನ್ನೂ ಬತ್ತವನ್ನೂ ಒಮ್ಮೆ ಕೊಯ್ಯುತ್ತೇವೆ. ಬದನೆ, ಬೆಂಡೆ, ಟೊಮೇಟೊಗಳನ್ನು ಎರಡು ಮೂರು ದಿನಕ್ಕೊಮ್ಮೆ ಬಿಡಿಸುತ್ತಲೇ ಇರಬೇಕು. ಅದರ ಹುಳುವೂ ಬಿಡುವುದಿಲ್ಲ. ಬದನೆಯ ಕಾಯಿ ಕೊರೆಯುವ ಹುಳು ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೆ ಕುಡಿಯೊಳಗೋ ಕಾಯಿಯೊಳಗೋ ಸೇರಿಕೊಳ್ಳುತ್ತದೆ. ಮೇಲೆ ಬಿದ್ದ ಔಷಧಿ ಅದಕ್ಕೆ ತಗಲುವುದು ಕಷ್ಟ. ಆದ್ದರಿಂದ ಮತ್ತೆ ಮತ್ತೆ ಹೊಡೆಯುತ್ತಾರೆ. ಸಿಂಪಡಿಸಿದ ಮೇಲೆ ಇಷ್ಟು ದಿನ ಕಾದು ಕೊಯ್ಯಬೇಕೆಂದು ಡಬ್ಬಿಯ ಜೊತೆಗಿನ ಚೀಟಿಯಲ್ಲಿ ಬರೆದಿರುತ್ತದೆ. ಸಂತೆಯ ದಿನ, ಮಂಡಿಯ ಧಾರಣೆ ಆ ಚೀಟಿಗೆ ಕಾಯುವುದಿಲ್ಲ. ಹೊಡೆತ ಮತ್ತು ಕೊಯ್ಲು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಆ ಹೆಣಿಗೆಯ ನಡುವೆ ಕೈಯಿಟ್ಟು ದುಡಿಯುವವಳು ಹೆಂಗಸು. ಕೂಲಿಗೆ ಬಂದವಳಾದರಂತೂ ನಿನ್ನೆ ಈ ಸಾಲಿಗೆ ಏನು ಹೊಡೆದರೆಂದು ಕೇಳುವ ಸಲಿಗೆಯೂ ಅವಳಿಗಿರುವುದಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರ್ಸನ್ನರ ಗ್ರಂಥಕ್ಕೆ ಬರೋಣ.

ಮೊದಲು ಅದರ ದೊಡ್ಡ ಗುಣವನ್ನು ಹೇಳಬೇಕು. ಕಾರ್ಸನ್ನರು ವಿಷವನ್ನು ಎರಚುವ ಕೈಯನ್ನು ನೋಡುತ್ತ ನಿಲ್ಲುವವರಲ್ಲ. ಎರಚಿದ ಮೇಲೆ ಅದು ಹೋಗುವ ಹಾದಿಯನ್ನು ಹಿಡಿದು ನಡೆಯುವವರು. ನೀರಿಗೆ ಒಂದು ಅಧ್ಯಾಯ, ಮಣ್ಣಿಗೆ ಒಂದು, ಗಿಡಗಳಿಗೆ ಒಂದು, ಹಕ್ಕಿಗಳಿಗೆ, ನದಿಗಳಿಗೆ, ಆಮೇಲೆ ಮನುಷ್ಯನ ದೇಹಕ್ಕೆ, ದೇಹದ ಜೀವಕೋಶಕ್ಕೆ. ಎಲ್ಮ್ ಮರಕ್ಕೆ ಹೊಡೆದ ಡಿ.ಡಿ.ಟಿ. ಎಲೆಯ ಜೊತೆ ಮಣ್ಣಿಗೆ ಬಿದ್ದು, ಮಣ್ಣಿನಿಂದ ಎರೆಹುಳುವಿಗೆ, ಎರೆಹುಳುವಿನಿಂದ ರಾಬಿನ್ ಹಕ್ಕಿಗೆ ಹೋಗುವ ವರ್ಣನೆ ಗ್ರಂಥದ ಪ್ರಸಿದ್ಧ ಭಾಗ. ‘ಬಳಕೆ’ ಎಂದರೆ ಸಿಂಪಡಿಸಿದ ಗಳಿಗೆ ಮಾತ್ರವಲ್ಲ, ಆಮೇಲೆ ಆಗುವುದೆಲ್ಲ ಬಳಕೆಯೇ ಎಂಬುದು ಇಲ್ಲಿಯ ಮೂಲ ಕಾಣ್ಕೆ. ನಾವು ‘ಹೊಡೆಯುವುದು’ ಎಂಬ ಮಾತಿನಲ್ಲಿ ಕಟ್ಟಿಹಾಕಿದ್ದನ್ನು ಕಾರ್ಸನ್ನರು ಬಿಚ್ಚಿದರು. ಕಳೆ ಕೀಳುವವಳನ್ನೂ ಬಟ್ಟೆ ಒಗೆಯುವವಳನ್ನೂ ಕಾಣಬೇಕಾದರೆ ಬೇಕಾದ ದೃಷ್ಟಿ ಇದೇ.

ಹೀಗಿರಲು, ಈ ಗ್ರಂಥದಲ್ಲಿ ಹೆಂಗಸರು ಎಲ್ಲೆಲ್ಲಿ ಬರುತ್ತಾರೆ ಎಂಬುದನ್ನು ನೋಡಬೇಕು. ಬಾರದೆ ಇಲ್ಲ. ೧೯೫೭ರಲ್ಲಿ ಕಾಡುಮರಗಳ ಎಲೆ ತಿನ್ನುವ ಒಂದು ಜಾತಿಯ ಪತಂಗವನ್ನು ನಿರ್ಮೂಲ ಮಾಡುವೆವೆಂದು ಹೊರಟ ಸರ್ಕಾರ ನ್ಯೂಯಾರ್ಕ್ ನಗರದ ಪಕ್ಕದ ಲಾಂಗ್ ಐಲೆಂಡಿನ ಜನವಸತಿಯ ಮೇಲೆಯೇ ವಿಮಾನದಿಂದ ಎಣ್ಣೆಯಲ್ಲಿ ಕರಗಿಸಿದ ಡಿ.ಡಿ.ಟಿ.ಯನ್ನು ಸುರಿಯಿತು. ವಿಮಾನ ಮೇಲೆರಗುವ ಮೊದಲು ತನ್ನ ಕೈತೋಟವನ್ನು ಮುಚ್ಚಿಕೊಳ್ಳಲು ಹೆಣಗುತ್ತಿದ್ದ ಗೃಹಿಣಿಯೊಬ್ಬಳು ತಾನೇ ತೊಯ್ದುಹೋದಳೆಂದು ಕಾರ್ಸನ್ನರು ಬರೆಯುತ್ತಾರೆ. ವೆಸ್ಟ್‌ಚೆಸ್ಟರ್ ಪ್ರಾಂತದಲ್ಲಿ ಹಸು ಸಾಕಿಕೊಂಡಿದ್ದ ಶ್ರೀಮತಿ ವಾಲರ್ ತಮ್ಮ ಜಮೀನಿಗೆ ಹೊಡೆಯಬೇಡಿರೆಂದು ಮೊದಲೇ ಕೇಳಿಕೊಂಡಿದ್ದರು; ಆದರೂ ಹೊಡೆದರು; ಹಸುಗಳ ಹಾಲಿನಲ್ಲಿ ಹತ್ತು ಲಕ್ಷದಲ್ಲಿ ೧೪ ಪಾಲು ಡಿ.ಡಿ.ಟಿ. ಕಂಡಿತು. ಇನ್ನೊಂದು ಕಡೆ ಜೇಡಕ್ಕೆ ಹೆದರಿ ನೆಲಮನೆಗೆ ಡಿ.ಡಿ.ಟಿ. ಹೊಡೆದುಕೊಂಡ ಗೃಹಿಣಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಸಂಗತಿ ಇದೆ. ಹಕ್ಕಿಗಳು ಸತ್ತವೆಂದು ಪತ್ರ ಬರೆದ ಹೆಂಗಸರಿದ್ದಾರೆ. ಗ್ರಂಥದ ಹುಟ್ಟಿಗೆ ನೆವವಾದದ್ದೇ ೧೯೫೮ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದಿಂದ ಸ್ನೇಹಿತೆ ಆಲ್ಗಾ ಹಕಿನ್ಸ್ ಬರೆದ ಪತ್ರ.

ಇವರೆಲ್ಲ ಯಾರು? ಗೃಹಿಣಿ, ನೆರೆಯವಳು, ಪತ್ರ ಬರೆದವಳು, ದೂರು ಕೊಟ್ಟವಳು. ಇವರಲ್ಲಿ ಹಲವರು ನಿಜವಾಗಿ ದಿಟ್ಟೆಯರು. ಲಾಂಗ್ ಐಲೆಂಡಿನ ಮೊಕದ್ದಮೆಯ ಹಿಂದೆ ಮಾರ್ಜೊರಿ ಸ್ಪಾಕ್ ಮತ್ತು ಮೇರಿ ರಿಚರ್ಡ್ಸ್ ಎಂಬ ಇಬ್ಬರು ಮಹಿಳೆಯರಿದ್ದರು. ಕಾಯಿಲೆಯವರಾದ ರಿಚರ್ಡ್ಸರಿಗೆ ರಾಸಾಯನಿಕ ಸೋಕದ ಆಹಾರ ಬೇಕೆಂದು ಅವರು ತಮ್ಮ ನೆಲದಲ್ಲಿ ತಾವೇ ತರಕಾರಿ ಬೆಳೆದುಕೊಳ್ಳುತ್ತಿದ್ದರು. ಅದರ ಮೇಲೆ ಡಿ.ಡಿ.ಟಿ. ಬಿತ್ತು. ಅವರು ನ್ಯಾಯಾಲಯಕ್ಕೆ ಹೋದರು. ವಿಚಾರಣೆಯ ವಿವರಗಳನ್ನು ಸ್ಪಾಕ್ ಸ್ನೇಹಿತರಿಗೆ ಬರೆದು ಕಳಿಸುತ್ತಿದ್ದರು. ಆ ಬರಹಗಳು ಕಾರ್ಸನ್ನರಿಗೆ ಬಹಳ ಸಾಮಗ್ರಿ ಒದಗಿಸಿದವು. ಆದರೆ ಮೊಕದ್ದಮೆಗೆ ಉಳಿದ ಹೆಸರು ಪಕ್ಷಿವಿಜ್ಞಾನಿ ರಾಬರ್ಟ್ ಕುಶ್ಮನ್ ಮರ್ಫಿಯವರದು. ಗ್ರಂಥದ ಓದುಗನ ಮನಸ್ಸಿನಲ್ಲಿ ನಿಲ್ಲುವ ಹೆಸರೂ ಅದೇ. ೧೯೬೦ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಕೇಳಲು ಒಪ್ಪಲಿಲ್ಲ. ನ್ಯಾಯಮೂರ್ತಿ ಡಗ್ಲಸ್ ಒಬ್ಬರು ಭಿನ್ನಾಭಿಪ್ರಾಯ ಬರೆದರು. ತರಕಾರಿ ಬೆಳೆದ ಇಬ್ಬರು ಹೆಂಗಸರಿಂದ ಶುರುವಾದ ಮಾತು ಹಕ್ಕಿಯ ಪಂಡಿತರ ಮಾತಾಗಿ ಲೋಕಕ್ಕೆ ಕೇಳಿಸಿತು. ಇದು ಅಂದಿನ ಲೋಕದ ರೀತಿ, ಕಾರ್ಸನ್ನರದೊಂದೇ ತಪ್ಪಲ್ಲ.

ಇನ್ನು ಹೊಲಕ್ಕೆ ಬಂದರೆ, ಅಲ್ಲಿ ಗಂಡಸರೇ ಕಾಣುತ್ತಾರೆ. ಪ್ಯಾರಾಥಯಾನ್ ಎಂಬ ಘೋರ ವಿಷದ ವಿಚಾರ ಹೇಳುವಾಗ ಕಾರ್ಸನ್ನರು ಕ್ಯಾಲಿಫೋರ್ನಿಯದ ರಿವರ್ಸೈಡಿನ ಕಿತ್ತಳೆ ತೋಟದ ಘಟನೆಯನ್ನು ವಿವರಿಸುತ್ತಾರೆ. ಹಣ್ಣು ಕೀಳುತ್ತಿದ್ದ ೩೦ ಮಂದಿ ಗಂಡಸರಲ್ಲಿ ೧೧ ಮಂದಿ ತೀವ್ರವಾಗಿ ಕಾಯಿಲೆ ಬಿದ್ದರು. ತೋಟಕ್ಕೆ ಔಷಧಿ ಹೊಡೆದು ಎರಡೂವರೆ ವಾರ ಕಳೆದಿತ್ತು. ಈ ಜಾತಿಯ ವಿಷ ಉಸಿರಿನಿಂದ ಮಾತ್ರವಲ್ಲ, ಚರ್ಮದಿಂದಲೂ ಒಳಸೇರುತ್ತದೆ. ನರಗಳ ಸಂದೇಶವನ್ನು ತಡೆಹಿಡಿದು ನಿಲ್ಲಿಸುವ ಕಿಣ್ವವನ್ನು ಕೆಡಿಸುತ್ತದೆ. ಹೊಡೆದವನಿಗಲ್ಲ, ಬಿಡಿಸಿದವರಿಗೆ ಕೇಡಾಯಿತೆಂಬ ಈ ಸಂಗತಿ ನಮ್ಮ ಪ್ರಶ್ನೆಗೆ ಎಷ್ಟು ಹತ್ತಿರ! ವಿಸ್ಕಾನ್ಸಿನ್ ಪ್ರಾಂತದ ಇನ್ನೊಂದು ಘಟನೆ ಮನಸ್ಸನ್ನು ಕಲಕುತ್ತದೆ. ಇಬ್ಬರು ಪುಟ್ಟ ಹುಡುಗರು, ಸೋದರ ಸಂಬಂಧಿಗಳು, ಒಂದೇ ರಾತ್ರಿ ಸತ್ತರು. ತಂದೆ ಪಕ್ಕದ ಹೊಲದಲ್ಲಿ ಆಲೂಗಡ್ಡೆಗೆ ಪ್ಯಾರಾಥಯಾನ್ ಹೊಡೆಯುತ್ತಿದ್ದಾಗ ಗಾಳಿಗೆ ತೇಲಿಬಂದ ಹನಿ ಅಂಗಳದಲ್ಲಿ ಆಡುತ್ತಿದ್ದ ಒಬ್ಬನಿಗೆ ತಗಲಿತು. ಇನ್ನೊಬ್ಬ ತಂದೆಯ ಹಿಂದೆ ಕೊಟ್ಟಿಗೆಗೆ ಓಡಿ ಪಂಪಿನ ಮೂತಿಯನ್ನು ಮುಟ್ಟಿದ್ದ.

ಇಲ್ಲಿ ತಂದೆ ಇದ್ದಾನೆ, ಮಗ ಇದ್ದಾನೆ. ತಾಯಿ ಇಲ್ಲ. ಆ ದಿನ ತಂದೆಯ ಬಟ್ಟೆಯನ್ನು ಯಾರು ಒಗೆದರು, ಅವನ ಜೊತೆ ಆಲೂಗಡ್ಡೆಯ ಹೊಲದಲ್ಲಿ ಯಾರು ದುಡಿಯುತ್ತಿದ್ದರು—ವಿಷದ ಹಾದಿಯನ್ನು ಅಷ್ಟು ದೂರ ಹಿಡಿದು ಹೋದ ಲೇಖನಿ ಇಲ್ಲಿ ನಿಂತುಬಿಡುತ್ತದೆ. ಗ್ರಂಥದ ಮೊದಲಿಗೆ ಕಾರ್ಸನ್ನರು ಒಂದು ಕಲ್ಪಿತ ಊರಿನ ಕಥೆ ಹೇಳುತ್ತಾರಷ್ಟೆ. ಅಲ್ಲಿಯೂ ರೈತರು ತಮ್ಮ ಸಂಸಾರಗಳಲ್ಲಿ ಕಾಯಿಲೆ ಹೆಚ್ಚಿತೆಂದು ಹೇಳಿಕೊಳ್ಳುತ್ತಾರೆ. ರೈತ ಮತ್ತು ಅವನ ಸಂಸಾರ! ಹೆಂಗಸು ಸಂಸಾರದಲ್ಲಿದ್ದಾಳೆ, ರೈತರಲ್ಲಿ ಇಲ್ಲ. ಮನೆಯಲ್ಲಿ ವಿಷಕ್ಕೆ ಸಿಕ್ಕವಳಾಗಿ ಅವಳು ಗ್ರಂಥಕ್ಕೆ ಬರಬಲ್ಲಳು. ಹೊಲದಲ್ಲಿ ದುಡಿಯುತ್ತ ವಿಷಕ್ಕೆ ಸಿಕ್ಕವಳಾಗಿ ಬರಲಾರಳು. ‘ಮೌನ ವಸಂತ’ದ ಮಿತಿ ಇದು ಎಂದು ನಮಗೆ ತೋರುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ೧೯೬೨ರ ಅಮೆರಿಕದ ಲೇಖಕಿಯಿಂದ ಏಷ್ಯದ ಹಳ್ಳಿಯ ಹೆಂಗಸರ ಕಥೆ ಕೇಳುವುದು ನ್ಯಾಯವೆ? ಕೇಳುವುದು ನ್ಯಾಯವಲ್ಲ, ನಿಜ. ಆದರೆ ಅದೇ ದೇಶದಲ್ಲಿ ಅದೇ ತಿಂಗಳಲ್ಲಿ ಇನ್ನೊಂದು ಘಟನೆ ನಡೆಯಿತು. ಗ್ರಂಥ ಹೊರಬಂದ ಮೂರನೆಯ ದಿನ, ೧೯೬೨ರ ಸೆಪ್ಟೆಂಬರ್ ೩೦ರಂದು, ಕ್ಯಾಲಿಫೋರ್ನಿಯದ ಫ್ರೆಸ್ನೊದಲ್ಲಿ ಹೊಲದ ಕೂಲಿಗಾರರ ಸಂಘವೊಂದು ಮೊದಲ ಸಮಾವೇಶ ಸೇರಿತು. ಅದನ್ನು ಕಟ್ಟಿದವರು ಸೀಸರ್ ಶಾವೆಸ್ ಮತ್ತು ಡೊಲೊರೆಸ್ ವೆರ್ತಾ. ವೆರ್ತಾ ಹೆಂಗಸು, ಮಕ್ಕಳೊಂದಿಗಳು. ಆ ಹೊಲಗಳಲ್ಲಿ ಗಂಡ, ಹೆಂಡತಿ, ಮಕ್ಕಳು ಕೂಡಿಯೇ ದುಡಿಯುತ್ತಿದ್ದರು. ೧೯೭೦ರಲ್ಲಿ ದ್ರಾಕ್ಷಿತೋಟಗಳ ಒಡೆಯರೊಂದಿಗೆ ಆದ ಒಪ್ಪಂದಗಳಲ್ಲಿ ಕೂಲಿಯ ಜೊತೆಗೆ ಕೀಟನಾಶಕಗಳಿಂದ ರಕ್ಷಣೆಯ ಮಾತೂ ಸೇರಿತು. ಹೊಲದಲ್ಲಿ ದುಡಿಯುವ ಹೆಂಗಸು ಕಾರ್ಸನ್ನರ ಅಮೆರಿಕದಲ್ಲೂ ಇದ್ದಳು. ಅವಳ ಕಡೆಯಿಂದ ಪತ್ರ ಬರೆಯುವವರಿರಲಿಲ್ಲ, ಅಷ್ಟೆ.

ಇನ್ನು ಗ್ರಂಥವನ್ನು ಲೋಕ ಬರಮಾಡಿಕೊಂಡ ಬಗೆಯನ್ನೂ ನೋಡಬೇಕು. ನಮ್ಮ ಪ್ರಶ್ನೆಯ ಇನ್ನೊಂದು ಮುಖ ಅಲ್ಲಿದೆ. ಕಾರ್ಸನ್ನರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ೧೯೩೨ರಲ್ಲಿ ಪ್ರಾಣಿಶಾಸ್ತ್ರದ ಎಂ.ಎ. ಪದವಿ ಪಡೆದವರು, ೧೯೫೨ರವರೆಗೆ ಸರ್ಕಾರದ ಮೀನುಗಾರಿಕೆ ಮತ್ತು ವನ್ಯಜೀವಿ ಇಲಾಖೆಯಲ್ಲಿ ಕೆಲಸ ಮಾಡಿದವರು, ಗ್ರಂಥದ ಕೊನೆಗೆ ಐವತ್ತಕ್ಕೂ ಹೆಚ್ಚು ಪುಟಗಳ ಆಧಾರಪಟ್ಟಿ ಕೊಟ್ಟವರು. ಆದರೂ ರಸಾಯನ ಉದ್ಯಮದ ಪರವಾದವರು ಅವರ ವಾದವನ್ನು ಹೆಂಗಸಿನ ಉದ್ವೇಗವೆಂದು ತಳ್ಳಿಹಾಕಲು ನೋಡಿದರು. ರಸಾಯನಶಾಸ್ತ್ರಜ್ಞರ ಒಂದು ಪತ್ರಿಕೆಯಲ್ಲಿ ಬಂದ ವಿಮರ್ಶೆಯ ತಲೆಬರಹವೇ ‘ಸುಮ್ಮನಿರಿ, ಮಿಸ್ ಕಾರ್ಸನ್’ ಎಂದು. ೧೯೬೩ರ ಮೇ ತಿಂಗಳಲ್ಲಿ ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿ ವರದಿ ಕೊಟ್ಟಿತು; ಕಾರ್ಸನ್ನರ ವಾದಕ್ಕೆ ಅದರಿಂದ ಬಲ ಬಂತು. ಸ್ತನದ ಕ್ಯಾನ್ಸರಿನಿಂದ ನರಳುತ್ತಲೇ ಗ್ರಂಥ ಮುಗಿಸಿದ್ದ ಅವರು ೧೯೬೪ರ ಏಪ್ರಿಲಿನಲ್ಲಿ ತೀರಿಕೊಂಡರು. ಕಾಯಿಲೆಯ ವಿಷಯವನ್ನು ಲೋಕಕ್ಕೆ ತಿಳಿಯಗೊಡಲಿಲ್ಲ.

ಬೈಗುಳ ಮುಗಿದ ಮೇಲೆ ಹೊಗಳಿಕೆ ಶುರುವಾಯಿತು. ಪರಿಸರ ಚಳವಳಿಯ ತಾಯಿ, ಪ್ರಕೃತಿಯ ನೋವನ್ನು ತಾಯಿಯ ಹೃದಯದಿಂದ ಕಂಡವಳು ಎಂದೆಲ್ಲ ಬರೆದರು. ಈ ಹೊಗಳಿಕೆಗೂ ಹಿಂದಿನ ಬೈಗುಳಕ್ಕೂ ಬೇರು ಒಂದೇ. ಹೆಂಗಸು ಬುದ್ಧಿಯಿಂದಲ್ಲ, ಭಾವದಿಂದ ನೋಡುತ್ತಾಳೆ ಎಂಬ ನಂಬಿಕೆ ಎರಡರಲ್ಲೂ ಇದೆ. ಒಬ್ಬರು ಅದನ್ನು ದೋಷವೆಂದರು, ಇನ್ನೊಬ್ಬರು ಗುಣವೆಂದರು. ಕಾಯಿಪಲ್ಲೆಯ ತೋಟದ ಹೆಂಗಸಿಗೂ ಇಂಥದೇ ಅನ್ಯಾಯ ನಡೆಯುತ್ತದೆ. ಹೆಂಗಸರು ಸ್ವಭಾವತಃ ಭೂಮಿಯ ಮಕ್ಕಳು, ವಿಷವನ್ನು ತಾವಾಗಿಯೇ ದೂರವಿಡುವರು ಎಂದು ಸಭೆಗಳಲ್ಲಿ ಭಾಷಣ ಕೇಳುತ್ತೇವೆ. ಸಾಲ ತೀರಿಸಬೇಕಾದ ಮನೆಯ ಹೆಂಗಸು ಕಾಯಿ ಹುಳುಕಾಗಬಾರದೆಂದು ಗಂಡನಷ್ಟೇ ಆತುರದಿಂದ ಔಷಧಿ ಬಯಸುತ್ತಾಳೆ. ಅವಳಿಗೆ ಬೇಕಾದದ್ದು ಹೊಗಳಿಕೆಯಲ್ಲ, ತಿಳಿವಳಿಕೆ. ಮತ್ತು ಮನೆಯ ನಿರ್ಧಾರದಲ್ಲಿ ಒಂದು ಮಾತು.

ಇದಕ್ಕೆ ಹೊಲದ ಸಾಕ್ಷಿಯೂ ಇದೆ. ನೇಪಾಳದಲ್ಲಿ ಕಿಶೋರ್ ಆತ್ರೇಯ ಎಂಬ ಸಂಶೋಧಕರು ೨೦೦೫ರಲ್ಲಿ ೩೨೫ ಗಂಡಸರನ್ನೂ ೧೦೯ ಹೆಂಗಸರನ್ನೂ ಕೀಟನಾಶಕದ ವಿಷಯವಾಗಿ ಮಾತನಾಡಿಸಿದರು. ೨೦೦೭ರಲ್ಲಿ ಅದು ಪ್ರಕಟವಾಯಿತು. ಈ ವಸ್ತುಗಳು ಮೈಗೂ ದನಕರುಗಳಿಗೂ ಕೆಡುಕೆಂದು ಬಹುತೇಕ ಎಲ್ಲರೂ ಬಲ್ಲರು. ಅದರಲ್ಲಿ ಗಂಡು ಹೆಣ್ಣಿನ ಭೇದವಿಲ್ಲ. ಭೇದ ಇದ್ದದ್ದು ಬೇರೆ ಕಡೆ: ಯಾವ ಔಷಧಿ ಎಂಬ ಮನೆಯ ನಿರ್ಧಾರದಲ್ಲಿ, ಡಬ್ಬಿಯ ಚೀಟಿಯನ್ನು ಓದಿ ತಿಳಿಯುವುದರಲ್ಲಿ, ಗಾಳಿಯ ದಿಕ್ಕು ನೋಡುವುದರಲ್ಲಿ, ಮುನ್ನೆಚ್ಚರಿಕೆಯ ತಿಳಿವಳಿಕೆಯಲ್ಲಿ. ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಾಲೆಯ ಮೆಟ್ಟಲು ಹತ್ತಿದವರಲ್ಲ. ಅಂದರೆ ವಿಷವೆಂದು ಗೊತ್ತಿದ್ದೂ ಅದರಿಂದ ತಪ್ಪಿಸಿಕೊಳ್ಳುವ ಬಗೆ ಅವರನ್ನು ಮುಟ್ಟಿಲ್ಲ. ಆಂಧ್ರದ ಹತ್ತಿ ಬೆಳೆಗಾರರ ನಡುವೆ ನಡೆದು ೨೦೦೫ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಗಟ್ಟಿ ಔಷಧಿ ಬೆರೆಸಿ ಪಂಪು ತುಂಬುವ ಹೆಂಗಸರ ಕೆಲಸ ಸಿಂಪಡಿಸುವ ಕೆಲಸದಷ್ಟೇ ಅಪಾಯದ್ದೆಂದು ತೋರಿಸಿತು. ಬೆಳೆ ಹತ್ತಿಯಾದರೂ ಬದನೆಯಾದರೂ ಬಕೆಟ್ಟು ಒಂದೇ.

ಕಾನೂನು ಇಲ್ಲದಿಲ್ಲ. ಪ್ಯಾರಾಥಯಾನಿನಿಂದ ೧೯೫೮ರಲ್ಲಿ ಭಾರತದಲ್ಲಿ ನೂರು ಮಂದಿ ಸತ್ತರೆಂದು ಕಾರ್ಸನ್ನರು ಒಂದು ವಾಕ್ಯದಲ್ಲಿ ಬರೆದಿದ್ದಾರೆ. ಆ ನೂರರ ಹಿಂದಿರುವುದು ಕೇರಳದ ದುರಂತ: ಸಾಗಣೆಯಲ್ಲಿ ಆ ವಿಷ ಸೋಂಕಿದ ಹಿಟ್ಟು ಅಡಿಗೆಮನೆಗೆ ಹೋಗಿತ್ತು. ಅದರ ಫಲವಾಗಿ ನಡೆದ ವಿಚಾರಣೆಗಳ ಮೇಲೆ ೧೯೬೮ರ ಕೀಟನಾಶಕಗಳ ಶಾಸನ ಬಂತು. ೧೯೭೧ರ ನಿಯಮಗಳಂತೆ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಬಂತು—ಕೆಂಪು ಅತಿ ಘೋರ, ಹಸಿರು ಕೊಂಚ ಸೌಮ್ಯ. ೨೦೦೫ರಲ್ಲಿ ಮೊನೊಕ್ರೊಟೊಫಾಸನ್ನು ತರಕಾರಿಗೆ ಹೊಡೆಯಬಾರದೆಂದು ಆಜ್ಞೆಯಾಯಿತು. ಆದರೂ ೨೦೧೩ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರ ಮಧ್ಯಾಹ್ನದ ಊಟದಲ್ಲಿ ಅದೇ ವಿಷ ಸೇರಿ ೨೩ ಮಕ್ಕಳು ಸತ್ತರು. ಹೊಲದ ಡಬ್ಬಿಗೂ ಅಡಿಗೆಯ ಎಣ್ಣೆಗೂ ನಡುವೆ ಇರುವ ದೂರ ಎಷ್ಟು ಕಡಮೆ! ಆ ದೂರವನ್ನು ಕಾಯಬೇಕಾದವಳು ಮನೆಯ ಹೆಂಗಸು. ಬಣ್ಣದ ಗುರುತಿನ ಅರ್ಥವನ್ನು ಮಾತ್ರ ಅಂಗಡಿಯಲ್ಲಿ ಹೇಳುವುದು, ಹೇಳಿದರೆ, ಅವ್ವನಿಗಲ್ಲ, ಯಜಮಾನನಿಗೆ.

ಇಲ್ಲಿ ನಮ್ಮ ಸಾಹಿತ್ಯದ ಮಾತು ಒಂದು ನೆನಪಾಗುತ್ತದೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿದವರು ಪಾರೋತಿ, ಸರಸೋತಿಯರನ್ನು ಮರೆಯಲಾರರು. ಮನೆಯ ಯಜಮಾನ ರಾಮ ಐತಾಳರಾದರೂ ಆ ಮನೆಯ ನೆಲ ಉಳಿದದ್ದು ಆ ಇಬ್ಬರು ಹೆಂಗಸರ ಬೆನ್ನಿನ ಮೇಲೆ. ಕಾರಂತರು ಅವರ ದುಡಿಮೆಯನ್ನು ‘ಮನೆಗೆಲಸ’ವೆಂದು ಪಕ್ಕಕ್ಕಿಡದೆ ಕಾದಂಬರಿಯ ನಡುವಿಗೆ ತಂದರು. ಅವರ ಕಾಲದ ಗದ್ದೆಗೆ ಈ ರಾಸಾಯನಿಕಗಳು ಬಂದಿರಲಿಲ್ಲ. ಹೀಗಾಗಿ, ಕಾರಂತರಲ್ಲಿ ದುಡಿಯುವ ಹೆಂಗಸಿದ್ದಾಳೆ, ವಿಷವಿಲ್ಲ. ಕಾರ್ಸನ್ನರಲ್ಲಿ ವಿಷವಿದೆ, ಹೊಲದಲ್ಲಿ ದುಡಿಯುವ ಹೆಂಗಸಿಲ್ಲ. ಒಬ್ಬರ ಕಣ್ಣನ್ನೂ ಇನ್ನೊಬ್ಬರ ವಿಧಾನವನ್ನೂ ಕೂಡಿಸಿದರೆ ಇಂದಿನ ತೋಟ ಕಾಣುತ್ತದೆ. ‘ರೈತ’ ಎಂಬ ಶಬ್ದವನ್ನು ಏಕವಚನದ ಪುಲ್ಲಿಂಗವಾಗಿಯೇ ಬಳಸುವ ನಮ್ಮ ಕಥೆ, ಕವಿತೆ, ವರದಿಗಳು ಅಂಥ ಓದಿನಿಂದ ಕಲಿಯಬಹುದಾದದ್ದು ಬಹಳ.

ಇದು ಬರಿಯ ಕರುಣೆಯ ಪ್ರಶ್ನೆಯಲ್ಲ. ಬೇಸಾಯದ ಜಾಣತನದ ಪ್ರಶ್ನೆಯೂ ಹೌದು. ಒಂದೇ ವಿಷ ಹೊಡೆಯುತ್ತಿದ್ದರೆ ಹುಳು ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂಬುದನ್ನು ಕಾರ್ಸನ್ನರು ಒಂದು ಇಡೀ ಅಧ್ಯಾಯದಲ್ಲಿ ವಿವರಿಸಿದ್ದಾರೆ. ಕೋಸಿನ ಎಲೆ ತಿನ್ನುವ ವಜ್ರಬೆನ್ನಿನ ಪತಂಗ ಡಿ.ಡಿ.ಟಿ.ಗೆ ಜಗ್ಗದಾದದ್ದು ಜಾವಾ ದ್ವೀಪದಲ್ಲಿ ೧೯೫೩ರಷ್ಟು ಹಿಂದೆಯೇ ಕಂಡಿತ್ತು. ಇದೇ ಪತಂಗಕ್ಕೆ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಒಂದು ಸುಲಭದ ಉಪಾಯ ಹೇಳಿದರು: ೨೫ ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಪತಂಗ ಕೋಸನ್ನು ಬಿಟ್ಟು ಸಾಸಿವೆಯ ಮೇಲೆ ಮೊಟ್ಟೆಯಿಡುತ್ತದೆ. ಕೋಸಿಗೆ ಹೊಡೆಯುವ ಔಷಧಿ ಅಷ್ಟು ಉಳಿಯುತ್ತದೆ. ಇಂಥ ಉಪಾಯಗಳಿಗೆಲ್ಲ ಬೇಕಾದದ್ದು ಪಂಪಿನ ಬಲವಲ್ಲ, ನೋಡುವ ಕಣ್ಣು. ಎಲೆಯ ಅಡಿಯಲ್ಲಿ ಮೊಟ್ಟೆ ಇದೆಯೆ, ಹುಳು ಎಷ್ಟು, ಹುಳುವನ್ನು ತಿನ್ನುವ ಹುಳು ಎಷ್ಟು ಎಂದು ವಾರವಾರವೂ ನೋಡಬೇಕು. ಇಂಡೋನೇಷ್ಯದಲ್ಲಿ ೧೯೮೯ರಲ್ಲಿ ಶುರುವಾದ ರೈತ ಕ್ಷೇತ್ರ ಪಾಠಶಾಲೆಗಳು ಕಲಿಸಿದ್ದೂ ಇದನ್ನೇ.

ಹಾಗಾದರೆ ಗಿಡಕ್ಕೆ ಎಲ್ಲರಿಗಿಂತ ಹತ್ತಿರ ಕುಳಿತವರು ಯಾರು? ಕಳೆ ಕೀಳುವವಳು, ಕಾಯಿ ಬಿಡಿಸುವವಳು. ಅವಳ ಮುಖ ಎಲೆಯಿಂದ ಒಂದು ಮೊಳದ ದೂರದಲ್ಲಿರುತ್ತದೆ. ಮೊದಲ ಮೊಟ್ಟೆಯನ್ನು ಕಾಣಬಲ್ಲವಳು ಅವಳು. ತರಬೇತಿಗೆ ಕರೆ ಹೋಗುವುದು ಪಹಣಿಯಲ್ಲಿ ಹೆಸರಿರುವವನಿಗೆ, ಕಣ್ಣಿರುವುದು ಹೆಸರಿಲ್ಲದವಳಿಗೆ. ನೇಪಾಳದ ಆ ಅಧ್ಯಯನದಲ್ಲಿ ಸಮಗ್ರ ಕೀಟ ನಿರ್ವಹಣೆಯ ತರಬೇತಿ ಪಡೆದವರು ನೂರಕ್ಕೆ ಎಂಟು ಮಂದಿಯೂ ಇರಲಿಲ್ಲ. ಇದ್ದ ತಿಳಿವಳಿಕೆಯನ್ನು ಬಳಸಿಕೊಳ್ಳದೆ ಔಷಧಿಯನ್ನು ಮಾತ್ರ ಬಳಸುತ್ತ ಹೋದರೆ ನಷ್ಟ ಹೆಂಗಸಿಗೆ ಮಾತ್ರವಲ್ಲ, ಬೆಳೆಗೂ ಆಗುತ್ತದೆ.

ಹೀಗೆ ಓದಿದಾಗ ‘ಮೌನ ವಸಂತ’ದ ಬೆಲೆ ಕಡಮೆಯಾಗುವುದಿಲ್ಲ. ಅದರ ವಿಧಾನವನ್ನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಒಯ್ಯುವುದೇ ಅದಕ್ಕೆ ಸಲ್ಲಿಸಬಹುದಾದ ಗೌರವ. ಕಾರ್ಸನ್ನರು ವಿಷದ ಹಿಂದೆ ಎಲೆಯಿಂದ ಎರೆಹುಳುವಿಗೆ, ಎರೆಹುಳುವಿನಿಂದ ಹಕ್ಕಿಗೆ ಹೋದರು. ನಾವು ಡಬ್ಬಿಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಕೈಬಳೆಗೆ, ಸೆರಗಿಗೆ, ಒಗೆಯುವ ಕಲ್ಲಿಗೆ ಹೋಗಬೇಕು. ಆ ಹಾದಿಯನ್ನು ಹಿಡಿದು ಬರೆದ ಗ್ರಂಥ ಕನ್ನಡದಲ್ಲಿ ಬಂದರೆ ಅದರಲ್ಲಿ ‘ಔಷಧಿ ಹೊಡೆದರು’ ಎಂಬ ವಾಕ್ಯ ಒಂದು ಸಲ ಬಂದೀತು. ಉಳಿದ ಪುಟಗಳೆಲ್ಲ ಆಮೇಲಿನ ಕೆಲಸವನ್ನು ಹೇಳಬೇಕಾದೀತು.